ಸೂಜಿ ಸರಿಯಿತ್ತು, ತಿಂಡಿ ಬಂದಿರಲಿಲ್ಲ: ನರ್ಸಿಂಗ್ ವಿದ್ಯಾರ್ಥಿಗಳ ತರಬೇತಿಗೊಂದು ಪ್ರಕರಣ ಅಧ್ಯಯನ

ನರ್ಸಿಂಗ್ ವಿದ್ಯಾರ್ಥಿಯಲ್ಲಿ ಯಾವ ಗುಣ ಇರಬೇಕು ಎಂದು ಕೇಳಿದರೆ ತಾಳ್ಮೆ, ಕರುಣೆ, ಶಿಸ್ತು ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಿರುತ್ತದೆ. ವಾರ್ಡಿನಲ್ಲಿ ಆ ಗುಣಗಳು ಯಾವ ಹೊತ್ತಿಗೆ, ಯಾವ ಕೆಲಸದ ನಡುವೆ ಬೇಕಾಗುತ್ತವೆ ಎನ್ನುವುದು ಆ ಪಟ್ಟಿಯಿಂದ ತಿಳಿಯುವುದಿಲ್ಲ. ಅದಕ್ಕಾಗಿ ಒಂದೇ ಒಂದು ಬೆಳಗಿನ ಪಾಳಿಯನ್ನು ಇಲ್ಲಿ ಗಂಟೆ ಗಂಟೆಯ ಲೆಕ್ಕದಲ್ಲಿ ಬಿಡಿಸಿಟ್ಟಿದ್ದೇವೆ. ಇದು ಬೋಧನೆಗಾಗಿ ಕಟ್ಟಿದ ಪ್ರಕರಣ. ರೋಗಿ, ವಿದ್ಯಾರ್ಥಿಗಳು, ಆಸ್ಪತ್ರೆ ಯಾವುದೂ ನಿಜವಾಗಿ ಇರುವ ಒಬ್ಬರನ್ನು ಕುರಿತದ್ದಲ್ಲ. ಆದರೆ ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ನಾಳೆ ಬೆಳಿಗ್ಗೆಯೇ ಹೀಗೆ ನಡೆಯಬಹುದು.

ರೋಗಿ, ವಾರ್ಡು, ಪಾಳಿ

ಎಂಟನೇ ಬೆಡ್‌ನಲ್ಲಿದ್ದವರು ಚಿಂತಾಮಣಿ ಕಡೆಯ 62 ವರ್ಷದ ಮಹಿಳೆ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಬಲಗಾಲು ಕೆಂಪಾಗಿ ಊದಿಕೊಂಡು ಜ್ವರ ಬಂದಿದ್ದರಿಂದ ಸೆಲ್ಯುಲೈಟಿಸ್ (ಚರ್ಮದಡಿಯ ಸೋಂಕು) ಎಂದು ದಾಖಲಾಗಿ ಅಂದಿಗೆ ಮೂರನೇ ದಿನ. ರಕ್ತದ ಕ್ರಿಯಾಟಿನಿನ್ 1.7, ಅಂದರೆ ಮೂತ್ರಪಿಂಡದ ಕೆಲಸ ಕುಗ್ಗಿದೆ. ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ನಡೆಯುತ್ತಿತ್ತು. ಮನೆಯಲ್ಲಿ ನುಂಗುತ್ತಿದ್ದ ಶುಗರ್ ಮಾತ್ರೆಗಳನ್ನು ದಾಖಲಾದ ದಿನವೇ ನಿಲ್ಲಿಸಿ, ಮೂರು ಹೊತ್ತೂ ಊಟಕ್ಕೆ ಮುಂಚೆ ರೆಗ್ಯುಲರ್ ಇನ್ಸುಲಿನ್ ಬರೆದಿದ್ದರು. ಬೆಳಗಿನದು 12 ಯೂನಿಟ್. ಹಿಂದಿನ ಸಂಜೆಯ ರೌಂಡ್ಸ್‌ನಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ಆಗಲಿ ಎಂದಿದ್ದರಿಂದ ರಾತ್ರಿ 12ರ ನಂತರ ಏನೂ ತಿನ್ನಬೇಡಿ ಎಂದು ಹೇಳಲಾಗಿತ್ತು. ಜೊತೆಗೆ ಉಳಿದಿದ್ದವರು ಸೊಸೆ.

ಮೂವತ್ತು ಬೆಡ್‌ಗಳ ವಾರ್ಡು. ಬೆಳಗಿನ ಪಾಳಿಗೆ ಇಬ್ಬರು ಸ್ಟಾಫ್ ನರ್ಸ್, ಬಿ.ಎಸ್ಸಿ. ನರ್ಸಿಂಗ್ ಮೂರನೇ ಸೆಮಿಸ್ಟರಿನ ಆರು ವಿದ್ಯಾರ್ಥಿಗಳು, ಅವರನ್ನೂ ಪಕ್ಕದ ವಾರ್ಡಿನ ವಿದ್ಯಾರ್ಥಿಗಳನ್ನೂ ನೋಡಿಕೊಳ್ಳುವ ಒಬ್ಬ ಕ್ಲಿನಿಕಲ್ ಇನ್‌ಸ್ಟ್ರಕ್ಟರ್. ಭಾರತೀಯ ನರ್ಸಿಂಗ್ ಪರಿಷತ್ತಿನ ಈಗಿನ ಪಠ್ಯಕ್ರಮದಲ್ಲಿ ನಾಲ್ಕು ವರ್ಷ ಎಂಟು ಸೆಮಿಸ್ಟರ್‌ಗಳಾಗಿವೆ. ಮೊದಲೆರಡರಲ್ಲಿ ನರ್ಸಿಂಗ್ ಫೌಂಡೇಶನ್. ಮೂರನೆಯದರಲ್ಲಿ ಫಾರ್ಮಕಾಲಜಿಯೂ ವಯಸ್ಕರ ಆರೋಗ್ಯದ ವಿಷಯವೂ ಶುರು. ಇಂಜೆಕ್ಷನ್ ಕೊಡುವ ಕೈ ಆಗಷ್ಟೇ ಸ್ಕಿಲ್ ಲ್ಯಾಬಿನ ಬೊಂಬೆಯಿಂದ ರೋಗಿಯ ಮೈಗೆ ಬಂದಿರುತ್ತದೆ, ಔಷಧ ಒಳಗೆ ಹೋಗಿ ಏನು ಮಾಡುತ್ತದೆ ಎಂಬ ಪಾಠ ಇನ್ನೂ ನಡೆಯುತ್ತಿರುತ್ತದೆ. ಈ ಅಂತರ ಪ್ರಕರಣದುದ್ದಕ್ಕೂ ನೆನಪಿನಲ್ಲಿರಲಿ.

ರಾತ್ರಿ ಪಾಳಿಯ ಹ್ಯಾಂಡೋವರ್ ಬೆಳಿಗ್ಗೆ 7:15ಕ್ಕೆ. ಕಾಲೇಜಿನ ಬಸ್ಸು ಹೆಬ್ಬಾಳದ ಬಳಿ ನಿಂತುನಿಂತು ಬಂದಿದ್ದರಿಂದ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಟ್ಟಾಗ 7:30. ಎಂಟನೇ ಬೆಡ್ ಎನ್‌ಪಿಒ, ಅಂದರೆ ಬಾಯಿಗೆ ಏನೂ ಕೊಡುವಂತಿಲ್ಲ ಎಂಬ ಮಾತು ಆ ಹದಿನೈದು ನಿಮಿಷದಲ್ಲಿ ಹೇಳಿ ಮುಗಿದಿತ್ತು. ಅದು ರಿಪೋರ್ಟ್ ಬುಕ್‌ನಲ್ಲಿತ್ತು. ಡ್ರಗ್ ಚಾರ್ಟ್‌ನಲ್ಲಿ ಇರಲಿಲ್ಲ, ಬೆಡ್‌ಗೆ ಬೋರ್ಡನ್ನೂ ನೇತುಹಾಕಿರಲಿಲ್ಲ.

7:40ರ ಇಂಜೆಕ್ಷನ್

ಒಬ್ಬ ಸ್ಟಾಫ್ ನರ್ಸ್ ಐವಿ ಆ್ಯಂಟಿಬಯಾಟಿಕ್‌ಗಳ ಟ್ರೇ ಹಿಡಿದು ಹೊರಟಿದ್ದರು. ಇನ್ನೊಬ್ಬರು ವಿದ್ಯಾರ್ಥಿನಿಗೆ, "ನೋಡಮ್ಮ, ಎಂಟು, ಹನ್ನೊಂದು, ಹತ್ತೊಂಬತ್ತು, ಈ ಮೂವರ ಇನ್ಸುಲಿನ್ ನನ್ನೆದುರಿಗೇ ತೆಗೆದು ತೋರಿಸಿ ಕೊಡು" ಎಂದರು. ವಿದ್ಯಾರ್ಥಿನಿ ಹಾಸನದವಳು, ಲ್ಯಾಬಿನಲ್ಲಿ ಕೈ ಚೆನ್ನಾಗಿ ಪಳಗಿದವಳು. ಆಕೆ ಮಾಡಿದ್ದನ್ನು ಹಂತಹಂತವಾಗಿ ನೋಡೋಣ. ಆಮೇಲೆ ಆದದ್ದನ್ನು ಕೇಳಿದವರು ಮೊದಲು ಸಂಶಯಪಡುವುದು ಆಕೆಯ ಕೈಯನ್ನೇ, ಅದು ಸರಿಯಲ್ಲ.

ಕೈ ತೊಳೆದಳು. ಚಾರ್ಟ್‌ನಲ್ಲಿ ಬೆಳಿಗ್ಗೆ 6ರ ಜಿಆರ್‌ಬಿಎಸ್, ಅಂದರೆ ಮೀಟರ್‌ನಲ್ಲಿ ನೋಡಿದ ರಕ್ತದ ಸಕ್ಕರೆ, 186 ಎಂದಿರುವುದನ್ನು ನೋಡಿದಳು. ವಯಲ್, ಅಂದರೆ ಇನ್ಸುಲಿನ್‌ನ ಪುಟ್ಟ ಸೀಸೆ, ಕೈಗೆತ್ತಿಕೊಂಡು ಹೆಸರು, ಅವಧಿ, ತೆರೆದ ದಿನಾಂಕ, ದ್ರವ ತಿಳಿಯಾಗಿದೆಯೇ ಎಂಬುದನ್ನೆಲ್ಲ ಓದಿದಳು. ರೆಗ್ಯುಲರ್ ಇನ್ಸುಲಿನ್ ನೀರಿನಂತೆ ತಿಳಿಯಾಗಿರಬೇಕು, ಮಸುಕಾಗಿದ್ದರೆ ಬಳಸುವಂತಿಲ್ಲ. ವಯಲ್ ಮೇಲೆ ಮಿಲಿಗೆ 40 ಯೂನಿಟ್ ಎಂದಿತ್ತು. ಟ್ರೇಯಲ್ಲಿ ಕೆಂಪು ಮುಚ್ಚಳದ ಸಿರಿಂಜ್, ಕಿತ್ತಳೆ ಮುಚ್ಚಳದ ಸಿರಿಂಜ್ ಎರಡೂ ಬೆರೆತು ಬಿದ್ದಿದ್ದವು. ಆಕೆ ಕೆಂಪನ್ನೇ ತೆಗೆದುಕೊಂಡಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಇನ್ಸುಲಿನ್ ವಯಲ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಮಿಲಿಗೆ 40 ಮತ್ತು ಮಿಲಿಗೆ 100. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆಯದು 100ಕ್ಕೆ. ಸಿರಿಂಜಿನ ಗೆರೆಗಳು ಮಿಲಿಯನ್ನು ಹೇಳುವುದಿಲ್ಲ, ಆಯಾ ಸಾಂದ್ರತೆಯ ಯೂನಿಟ್ಟನ್ನು ಹೇಳುತ್ತವೆ. 100ರ ವಯಲ್‌ನಿಂದ ಕೆಂಪು ಸಿರಿಂಜಿನ 12ನೇ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.3 ಮಿಲಿ, ಅಂದರೆ 30 ಯೂನಿಟ್. ಬೇಕಾದದ್ದಕ್ಕಿಂತ ಎರಡೂವರೆ ಪಟ್ಟು. ತಿರುಗಾಮುರುಗಾ ಮಾಡಿದರೆ, 40ರ ವಯಲ್‌ನಿಂದ ಕಿತ್ತಳೆ ಸಿರಿಂಜಿನ 12ರವರೆಗೆ ಎಳೆದರೆ, ಸಿಗುವುದು 0.12 ಮಿಲಿ, 4.8 ಯೂನಿಟ್ ಮಾತ್ರ. ಸಕ್ಕರೆ ಇಳಿಯುವುದಿಲ್ಲ, ಸಂಜೆ ರೌಂಡ್ಸ್‌ನಲ್ಲಿ ಡೋಸ್ ಏರಿಸುತ್ತಾರೆ, ಮರುದಿನ ಸರಿಯಾದ ಸಿರಿಂಜ್ ಸಿಕ್ಕಾಗ ಏರಿಸಿದ ಡೋಸ್ ಪೂರ್ತಿಯಾಗಿ ಹೋಗುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸದೆ ವಯಲ್, ಸಿರಿಂಜ್ ಕೈಗೆ ಕೊಟ್ಟು ಮಾಡಿಸಬೇಕು. ಮುಚ್ಚಳದ ಬಣ್ಣವನ್ನಷ್ಟೇ ನಂಬದೆ ಸಿರಿಂಜಿನ ಮೇಲೆ ಬರೆದದ್ದನ್ನು ಓದುವ ಅಭ್ಯಾಸವೂ ಆಗಬೇಕು, ಏಕೆಂದರೆ ಮುಚ್ಚಳ ಕಳಚಿಬಿದ್ದ ಸಿರಿಂಜ್ ಟ್ರೇಯಲ್ಲಿ ಯಾವಾಗಲೂ ಒಂದಿರುತ್ತದೆ.

ಆಕೆ 12 ಯೂನಿಟ್ ಎಳೆದಳು, ಗಾಳಿ ಗುಳ್ಳೆ ತೆಗೆದಳು, ಸ್ಟಾಫ್ ನರ್ಸ್‌ಗೆ ವಯಲ್ ಸಮೇತ ತೋರಿಸಿದಳು. ರೋಗಿಯ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ ಕೈಪಟ್ಟಿಯ ನಂಬರ್ ತಾಳೆ ನೋಡಿದಳು. ಹೊಕ್ಕುಳಿಂದ ಎರಡಿಂಚು ದೂರದಲ್ಲಿ, ಹಿಂದಿನ ದಿನ ಚುಚ್ಚಿದ ಬದಿ ಬಿಟ್ಟು ಇನ್ನೊಂದು ಬದಿ ಆರಿಸಿದಳು. ಸ್ಪಿರಿಟ್ ಆರಲು ಬಿಟ್ಟಳು. ಚುಚ್ಚಿ, ಔಷಧ ತಳ್ಳಿ, ಕೆಲವು ಸೆಕೆಂಡ್ ಹಾಗೇ ಹಿಡಿದು ಸೂಜಿ ತೆಗೆದಳು. ಆ ಜಾಗವನ್ನು ಉಜ್ಜಲಿಲ್ಲ. ಸೂಜಿಗೆ ಮತ್ತೆ ಮುಚ್ಚಳ ಹಾಕದೆ ನೇರವಾಗಿ ಬಿಳಿ ಪಂಕ್ಚರ್‌ಪ್ರೂಫ್ ಡಬ್ಬಿಗೆ ಹಾಕಿದಳು. ಚಾರ್ಟ್‌ನಲ್ಲಿ ಸಮಯ ಬರೆದು ಸಹಿ ಮಾಡಿಸಿಕೊಂಡಳು. ಪ್ರೊಸೀಜರ್ ಪರೀಕ್ಷೆಯಾಗಿದ್ದರೆ ಬಹುತೇಕ ಪೂರ್ತಿ ಅಂಕ.

ಕೇಳದೆ ಬಿಟ್ಟ ಪ್ರಶ್ನೆ ಒಂದೇ: "ಅಮ್ಮ, ತಿಂಡಿ ಬಂತಾ?"

ತಪ್ಪು ಎಲ್ಲಿ ಕೂತಿತ್ತು

ಔಷಧ ಕೊಡುವಾಗಿನ "ಸರಿ"ಗಳನ್ನು ಮೊದಲ ವರ್ಷವೇ ಕಲಿಸುತ್ತೇವೆ: ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ, ದಾಖಲೆ. ವಿದ್ಯಾರ್ಥಿನಿ ಆರನ್ನೂ ನೋಡಿದ್ದಳು. ಚಾರ್ಟ್‌ನಲ್ಲಿ 7:30 ಎಂದಿತ್ತು, ಆಕೆ ಕೊಟ್ಟದ್ದು 7:40. ಗಡಿಯಾರದ ಪ್ರಕಾರ ಸರಿ. ಆದರೆ ಊಟದ ಇನ್ಸುಲಿನ್‌ಗೆ ಸಮಯ ಎಂದರೆ ತಟ್ಟೆ ಬರುವ ಹೊತ್ತು. ರೆಗ್ಯುಲರ್ ಇನ್ಸುಲಿನ್ ಚರ್ಮದ ಕೆಳಗೆ ಹೋದ ಅರ್ಧ ಗಂಟೆಗೆ ಕೆಲಸ ಶುರುಮಾಡಿ, ಎರಡರಿಂದ ನಾಲ್ಕು ಗಂಟೆಯೊಳಗೆ ಅದರ ಬಲ ತುದಿಗೇರಿ, ಆರೆಂಟು ಗಂಟೆ ಉಳಿಯುತ್ತದೆ. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮುಂಚೆ ಎಂಬ ನಿಯಮ. ಮೂತ್ರಪಿಂಡ ಸೊರಗಿದ್ದರೆ ಇನ್ಸುಲಿನ್ ದೇಹದಿಂದ ಹೊರಹೋಗುವುದು ತಡವಾಗಿ, ಪರಿಣಾಮ ಇನ್ನಷ್ಟು ಹೊತ್ತು ಎಳೆಯುತ್ತದೆ. "7:30" ಎಂಬ ಅಂಕಿಯ ಹಿಂದೆ ಇಷ್ಟೆಲ್ಲ ಇದೆ. ಅದು ಗೊತ್ತಿಲ್ಲದವರಿಗೆ ಅಂಕಿ ಮಾತ್ರ ಕಾಣುತ್ತದೆ.

ಆಕೆ ಪೂರ್ತಿ ಹೊಣೆಯೂ ಅಲ್ಲ, ಪೂರ್ತಿ ಮುಕ್ತಳೂ ಅಲ್ಲ. ಎನ್‌ಪಿಒ ಎಂದಾಗ ಬೆಳಗಿನ ಡೋಸ್ ಏನು ಮಾಡಬೇಕು ಎಂದು ಚಾರ್ಟ್‌ನಲ್ಲಿ ವೈದ್ಯರು ಬರೆದಿರಲಿಲ್ಲ. ರಾತ್ರಿ ಪಾಳಿಯವರು ಬೋರ್ಡ್ ಹಾಕಿರಲಿಲ್ಲ. ಸ್ಟಾಫ್ ನರ್ಸ್‌ಗೆ ಹ್ಯಾಂಡೋವರ್‌ನಲ್ಲಿ ವಿಷಯ ತಿಳಿದಿತ್ತು, ಮೂರು ಬೆಡ್‌ಗಳ ನಂಬರ್ ಒಂದೇ ಉಸಿರಿನಲ್ಲಿ ಹೇಳುವಾಗ ನೆನಪಾಗಲಿಲ್ಲ. ಅಡುಗೆಮನೆಯ ಟ್ರಾಲಿ ವಾರ್ಡಿಗೆ ಬರುವುದೇ 8:15ಕ್ಕೆ. ಹಾಗಾಗಿ ಎನ್‌ಪಿಒ ಇಲ್ಲದ ದಿನವೂ 7:30ರ ಇನ್ಸುಲಿನ್ ಆ ವಾರ್ಡಿನಲ್ಲಿ ಹದಿನೈದು ನಿಮಿಷ ಬೇಗವೇ. ಇಷ್ಟೆಲ್ಲ ಸಡಿಲಗಳ ಕೊನೆಯಲ್ಲಿ ಸೂಜಿ ಹಿಡಿದು ನಿಂತವಳು ಹತ್ತೊಂಬತ್ತರ ಹುಡುಗಿ. ಇನ್ಸುಲಿನ್ ಕೊಡುವ ಕೊನೆಯ ಕೈಗೆ ಆಹಾರದ ಪ್ರಶ್ನೆ ಕೇಳುವ ಹೊಣೆ ಇದೆ ಎಂಬುದನ್ನು ನಾವು ಬಿಡುವುದಿಲ್ಲ. ಆದರೆ ಆ ಹೊಣೆಯನ್ನು ಕಲಿಸದೆ ಹೊರಿಸುವುದು ಅನ್ಯಾಯ.

ಇನ್ನೊಂದು ಮಾತು. ಬೆಂಗಳೂರಿನ ವಾರ್ಡುಗಳಲ್ಲಿ ಏನೇ ಎಡವಟ್ಟಾದರೂ "ಭಾಷೆ ಬರಲ್ಲ ಅವರಿಗೆ" ಎಂದು ಹೊರರಾಜ್ಯದ ವಿದ್ಯಾರ್ಥಿಗಳ ಮೇಲೆ ಹಾಕುವುದು ಸಲೀಸು. ಇಲ್ಲಿ ರೋಗಿಗೂ ವಿದ್ಯಾರ್ಥಿನಿಗೂ ಕನ್ನಡ ಚೆನ್ನಾಗಿ ಬರುತ್ತಿತ್ತು. ಭಾಷೆ ಇದ್ದೂ ಪ್ರಶ್ನೆ ಹುಟ್ಟಲಿಲ್ಲ. ರೋಗಿಗೆ ತಾನು ಉಪವಾಸ ಎಂದು ಗೊತ್ತಿತ್ತು, ಇಂಜೆಕ್ಷನ್‌ಗೂ ಉಪವಾಸಕ್ಕೂ ಸಂಬಂಧವಿದೆ ಎಂದು ಗೊತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು.

ಸ್ಕ್ಯಾನಿಂಗ್ ಕೊಠಡಿಯ ಹೊರಗೆ

8:35ಕ್ಕೆ ವೀಲ್‌ಚೇರ್‌ನಲ್ಲಿ ಅಲ್ಟ್ರಾಸೌಂಡ್‌ಗೆ ಕರೆದೊಯ್ದರು. ಜೊತೆಗೆ ಹೋದವನು ಅದೇ ತಂಡದ ಇನ್ನೊಬ್ಬ ವಿದ್ಯಾರ್ಥಿ, ಕೇರಳದವನು, ಕನ್ನಡ ಹರಕುಮುರುಕು. ಹೊರಗೆ ಸಾಲು ದೊಡ್ಡದಿತ್ತು.

9:45ರ ಹೊತ್ತಿಗೆ ರೋಗಿ ಸೊಸೆಯ ಮೇಲೆ ರೇಗಿದರು: "ಎಷ್ಟೊತ್ತು ಕೂರಿಸ್ತೀಯೇ ಇಲ್ಲಿ, ನಡಿ ಮನೆಗೆ." ಬೆಳಿಗ್ಗೆಯಿಂದ ಮೆತ್ತಗೆ ಮಾತಾಡುತ್ತಿದ್ದವರು. ಅಕ್ಕಪಕ್ಕದವರು ಹಸಿವಿಗೆ ಸಿಟ್ಟು ಬಂದಿದೆ ಎಂದುಕೊಂಡರು. ಸೊಸೆಯೂ ಹಾಗೇ ಅಂದುಕೊಂಡು ತಲೆ ತಗ್ಗಿಸಿದಳು. ವಿದ್ಯಾರ್ಥಿ ಹತ್ತಿರ ಹೋಗಿ ನೋಡಿದ. ಮೇಲ್ದುಟಿಯ ಮೇಲೆ ಬೆವರಿನ ಹನಿ ಸಾಲುಗಟ್ಟಿತ್ತು, ಕುತ್ತಿಗೆ ಒದ್ದೆ, ಬೆನ್ನ ಕಡೆ ರವಿಕೆ ಮೈಗಂಟಿತ್ತು. ತಂಪು ಬೆಳಗು, ಮೇಲೆ ಫ್ಯಾನು ತಿರುಗುತ್ತಿತ್ತು. ಕೈ ಹಿಡಿದರೆ ತಣ್ಣಗೆ. ನಾಡಿ 84. "ಅಮ್ಮ, ಏನಾಗ್ತಿದೆ?" ಎಂದ. "ಏನಿಲ್ಲಪ್ಪ, ಸುಸ್ತು, ಕಣ್ಣು ಮಂಜು ಮಂಜು" ಎಂದರು.

ನಾಡಿ 84 ಎಂದು ಕಂಡು ಸುಮ್ಮನಾಗಿದ್ದರೆ ಪ್ರಕರಣ ಬೇರೆ ದಾರಿ ಹಿಡಿಯುತ್ತಿತ್ತು. ರಕ್ತದ ಸಕ್ಕರೆ ಇಳಿದಾಗ ಎದೆ ಡವಡವ, ಕೈ ನಡುಕ, ಬೆವರು ಬರಬೇಕೆಂದು ಪುಸ್ತಕದಲ್ಲಿ ಒಟ್ಟಿಗೇ ಓದುತ್ತಾರೆ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್, ಅಂದರೆ ಎದೆಬಡಿತ ತಗ್ಗಿಸುವ ಬಿಪಿ ಮಾತ್ರೆ, ತೆಗೆದುಕೊಳ್ಳುವವರಲ್ಲಿ ಡವಡವವೂ ನಡುಕವೂ ಮರೆಯಾಗಬಹುದು. ಬೆವರು ಮಾತ್ರ ಉಳಿಯುತ್ತದೆ. ಜೊತೆಗೆ ಮಿದುಳಿಗೆ ಸಕ್ಕರೆ ಸಾಲದೆ ಬರುವ ಸಿಡಿಮಿಡಿ, ಗೊಂದಲ, ಮಂಜುಗಣ್ಣು. ಹಾಗಾಗಿ ಇಂಥ ರೋಗಿಯಲ್ಲಿ "ಬೆವರು ಮತ್ತು ಬದಲಾದ ಮಾತು" ಇಷ್ಟೇ ಸಾಕು ಮೀಟರ್ ತೆಗೆಯಲು. ಆತನಿಗೆ ಬೀಟಾ ಬ್ಲಾಕರ್ ವಿಷಯ ಆ ಕ್ಷಣಕ್ಕೆ ಹೊಳೆದಿರಲಿಲ್ಲ. ಬೆಳಗಿನ ಮನುಷ್ಯ ಈಗಿನ ಮನುಷ್ಯ ಒಂದೇ ಅಲ್ಲ ಎಂಬುದು ಹೊಳೆದಿತ್ತು. ಕೇಸ್ ಶೀಟ್ ಬಿಡಿಸಿದ: 7:40, ರೆಗ್ಯುಲರ್ 12 ಯೂನಿಟ್. ಗಂಟೆ ನೋಡಿದ, ಎರಡು ಗಂಟೆ ದಾಟಿತ್ತು.

ಸ್ಕ್ಯಾನಿಂಗ್ ವಿಭಾಗದ ನರ್ಸ್‌ಗೆ ಹೇಳಿ ವಾರ್ಡಿಗೆ ಫೋನ್ ಮಾಡಿದ. ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಆತ ಹೇಳಿದ್ದು ಇಷ್ಟು: "ಸಿಸ್ಟರ್, ಎಂಟನೇ ಬೆಡ್ ಅಮ್ಮನ ಜೊತೆ ಸ್ಕ್ಯಾನಿಂಗ್ ಹತ್ರ ಇದ್ದೀನಿ. ತುಂಬ ಬೆವರ್ತಿದ್ದಾರೆ, ಕೈ ತಣ್ಣಗಿದೆ, ಮಾತು ಬೇರೆ ಥರ ಆಗಿದೆ. 7:40ಕ್ಕೆ 12 ಯೂನಿಟ್ ರೆಗ್ಯುಲರ್ ಹೋಗಿದೆ, ರಾತ್ರಿಯಿಂದ ಏನೂ ತಿಂದಿಲ್ಲ. ಶುಗರ್ ಇಳಿದಿದೆ ಅನ್ಸುತ್ತೆ. ಇಲ್ಲಿನ ಮೀಟರ್‌ನಲ್ಲಿ ಈಗಲೇ ನೋಡ್ತೀವಿ. ಡಾಕ್ಟರ್‌ಗೆ ಹೇಳಿ, ಗ್ಲುಕೋಸ್ ಕೊಡಲಾ?"

ಈಗೇನಾಗುತ್ತಿದೆ, ಹಿನ್ನೆಲೆ ಏನು, ನನಗೇನನ್ನಿಸುತ್ತದೆ, ಏನು ಬೇಕು ಎಂಬ ನಾಲ್ಕು ಭಾಗ ಆ ಮಾತಿನಲ್ಲಿ ಇವೆ. ಎಸ್‌ಬಿಎಆರ್ ಎಂದು ತರಗತಿಯಲ್ಲಿ ಕಲಿಸುವುದು ಇದನ್ನೇ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಭಾಗ ಹೇಳಿ ನಿಲ್ಲಿಸುತ್ತಾರೆ: "ಸಿಸ್ಟರ್, ಪೇಷೆಂಟ್‌ಗೆ ಸುಸ್ತಾಗ್ತಿದೆಯಂತೆ." ಅದಕ್ಕೆ ಆ ಕಡೆಯಿಂದ "ಕೂರಿಸಿ, ಸ್ಕ್ಯಾನ್ ಮುಗಿಸ್ಕೊಂಡು ಬಾ" ಎಂಬ ಉತ್ತರ ಬರುವುದು ಸಹಜ. ಮೂರನೆಯ ಭಾಗ, ತನಗನ್ನಿಸಿದ್ದನ್ನು ಹಿರಿಯರಿಗೆ ಬಾಯಿಬಿಟ್ಟು ಹೇಳುವುದು, ಕಿರಿಯರಿಗೆ ಬಲು ಕಷ್ಟ. ತಪ್ಪಾದರೆ ಬೈಗುಳ ಎಂಬ ಹೆದರಿಕೆ. ಪ್ರತಿದಿನ ಬೆಳಿಗ್ಗೆ ಒಬ್ಬ ವಿದ್ಯಾರ್ಥಿಯಿಂದಲಾದರೂ ತನ್ನ ರೋಗಿಯ ಬಗ್ಗೆ ಹೀಗೆ ನಾಲ್ಕು ಸಾಲು ಹೇಳಿಸಿದರೆ ಒಂದು ತಿಂಗಳಲ್ಲಿ ಆ ಹೆದರಿಕೆ ಇಳಿಯುತ್ತದೆ.

48, 63, 92

ರೋಗಿಯ ಬೆರಳನ್ನು ಸೋಪು ನೀರಿನಲ್ಲಿ ತೊಳೆದು ಒರೆಸಿ, ಉಂಗುರ ಬೆರಳಿನ ತುದಿಯ ಪಕ್ಕಕ್ಕೆ ಲ್ಯಾನ್ಸೆಟ್ ಚುಚ್ಚಿದರು. ತೊಳೆಯುವುದು ಯಾಕೆಂದರೆ ಬೆರಳಿಗೆ ಹಣ್ಣು, ಬೆಲ್ಲ, ಬಿಸ್ಕತ್ತಿನ ಅಂಶ ಅಂಟಿದ್ದರೆ ಮೀಟರ್ ಸುಳ್ಳು ಹೆಚ್ಚಳ ತೋರಿಸುತ್ತದೆ. ಸಕ್ಕರೆ ಇಳಿದವರಲ್ಲಿ ಆ ಸುಳ್ಳು ಅಪಾಯಕಾರಿ. ಸ್ಪಿರಿಟ್ ಬಳಸಿದರೆ ಪೂರ್ತಿ ಆರಬೇಕು. ಬೆರಳನ್ನು ಬಲವಾಗಿ ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರು ಸೇರಿ ಅಂಕಿ ಏರುಪೇರಾಗುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟ ವಾರ್ಡುಗಳಲ್ಲಿ ತೇವ ಹಿಡಿದ ಸ್ಟ್ರಿಪ್‌ನಿಂದಲೂ ಲೆಕ್ಕ ಕೆಡುತ್ತದೆ.

9:55ಕ್ಕೆ ಬಂದ ಅಂಕಿ 48. ಮಿಲಿಗ್ರಾಂ ಲೆಕ್ಕದಲ್ಲಿ 70ಕ್ಕಿಂತ ಕೆಳಗೆ ಎಂದರೆ ಹೈಪೊಗ್ಲೈಸೀಮಿಯ, ರಕ್ತದ ಸಕ್ಕರೆ ತೀರ ಇಳಿದ ಸ್ಥಿತಿ. 54ಕ್ಕಿಂತ ಕೆಳಗೆ ಗಂಭೀರವಾದದ್ದು.

ರೋಗಿಗೆ ಎಚ್ಚರವಿದೆ, ಹೆಸರು ಕರೆದರೆ ಓಗೊಡುತ್ತಾರೆ, ಒಂದು ಗುಟುಕು ನೀರು ಕೊಟ್ಟರೆ ಕೆಮ್ಮಿಲ್ಲದೆ ನುಂಗುತ್ತಾರೆ. ಇಷ್ಟು ನೋಡಿಕೊಂಡು ಮೂರು ಟೀ ಚಮಚ ಗ್ಲುಕೋಸ್ ಪುಡಿಯನ್ನು, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿದರು. ಅಷ್ಟರಲ್ಲಿ ಯಾರೋ "ಎನ್‌ಪಿಒ ಅಲ್ವಾ?" ಎಂದರು. ಸ್ಕ್ಯಾನನ್ನು ಮಧ್ಯಾಹ್ನಕ್ಕೋ ನಾಳೆಗೋ ಮುಂದೂಡಬಹುದು, 48ಕ್ಕೆ ಇಳಿದ ಸಕ್ಕರೆಯ ಚಿಕಿತ್ಸೆಯನ್ನು ಮುಂದೂಡಲಾಗದು. ಈ ತೀರ್ಮಾನದಲ್ಲಿ ವಿದ್ಯಾರ್ಥಿಗೆ ಅನುಮಾನ ಇರಬಾರದು. ಆಪರೇಶನ್‌ಗೆಂದು ಹೊಟ್ಟೆ ಖಾಲಿ ಇಟ್ಟವರಾಗಿದ್ದರೆ ಬಾಯಿಯ ಬದಲು ರಕ್ತನಾಳದ ಮೂಲಕ ಕೊಡುತ್ತಾರೆ, ಕೊಡದೆ ಬಿಡುವುದಿಲ್ಲ.

ಗ್ಲುಕೋಸ್ ಪುಡಿಯನ್ನೇ ಆರಿಸಿದ್ದಕ್ಕೂ ಕಾರಣವಿದೆ. ಮನೆ ಸಕ್ಕರೆಯೂ ಮೂರು ಚಮಚ ಸಾಕು, ಆದರೆ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಶುಗರ್ ಮಾತ್ರೆ ನುಂಗುವವರಲ್ಲಿ ಸಕ್ಕರೆ ಕರುಳಿನಲ್ಲಿ ಬೇಗ ಒಡೆಯುವುದಿಲ್ಲ. ರೋಗಿ ಏನು ನುಂಗಿದ್ದಾರೋ ಖಾತ್ರಿ ಇಲ್ಲದ ಹೊತ್ತಿನಲ್ಲಿ ಗ್ಲುಕೋಸ್ ನಿಶ್ಚಿಂತೆ. ಚಾಕೊಲೇಟ್, ಹಾಲು ಮೊದಲ ಚಿಕಿತ್ಸೆಗೆ ಬೇಡ, ಕೊಬ್ಬಿನಿಂದಾಗಿ ನಿಧಾನ.

ಹದಿನೈದು ನಿಮಿಷ ಬಿಟ್ಟು, 10:10ಕ್ಕೆ, 63. ಮತ್ತೆ 15 ಗ್ರಾಂ. 10:25ಕ್ಕೆ 92. ಬೆವರು ಆರಿತು, ಮಾತು ಮೆತ್ತಗಾಯಿತು. ವಾರ್ಡಿಗೆ ಕರೆತಂದು ಇಡ್ಲಿ ತಿನ್ನಿಸಿದರು. ಈ ಕೊನೆಯ ಹೆಜ್ಜೆಯನ್ನೇ ಬಹಳಷ್ಟು ಜನ ಮರೆಯುತ್ತಾರೆ. ಗ್ಲುಕೋಸ್ ಬೇಗ ಏರಿ ಬೇಗ ಇಳಿಯುತ್ತದೆ; ಇನ್ಸುಲಿನ್ ಇನ್ನೂ ನಾಲ್ಕೈದು ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ.

ಕೈಗೆ ಮೀಟರ್ ಸಿಗದಿದ್ದರೆ? ಲಕ್ಷಣಗಳನ್ನೇ ನಂಬಿ ಗ್ಲುಕೋಸ್ ಕೊಡಬೇಕು. ಎಚ್ಚರ ತಪ್ಪಿದ್ದರೆ? ಬಾಯಿಗೆ ಒಂದು ಹನಿಯೂ ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಮಲಗಿಸಿ, ಸಹಾಯಕ್ಕೆ ಕೂಗಿ, ವೈದ್ಯರ ಆದೇಶದಂತೆ 25% ಡೆಕ್ಸ್‌ಟ್ರೋಸ್ 100 ಮಿಲಿ ಅಥವಾ 50%ದು 50 ಮಿಲಿ ರಕ್ತನಾಳಕ್ಕೆ. ಎರಡರಲ್ಲೂ 25 ಗ್ರಾಂ ಗ್ಲುಕೋಸ್ ಇದೆ. ಕೊಡುವ ಮುಂಚೆ ಸಲೈನ್ ತಳ್ಳಿ ಕ್ಯಾನುಲಾ (ರಕ್ತನಾಳದಲ್ಲಿ ಕೂರಿಸಿದ ಸಣ್ಣ ಕೊಳವೆ) ಸರಿಯಾಗಿದೆಯೇ ನೋಡಲೇಬೇಕು. ಗಟ್ಟಿ ಡೆಕ್ಸ್‌ಟ್ರೋಸ್ ನಾಳದಿಂದ ಹೊರಗೆ ಸೋರಿದರೆ ಅಲ್ಲಿನ ಮಾಂಸವೇ ಸತ್ತುಹೋಗಬಹುದು. ನಾಳ ಸಿಗದಿದ್ದಾಗ ಸಕ್ಕರೆ ಏರಿಸುವ ಹಾರ್ಮೋನ್ ಗ್ಲುಕಗಾನ್ 1 ಮಿಲಿಗ್ರಾಂ ಮಾಂಸಖಂಡಕ್ಕೆ.

ಸೊಸೆ ಹೇಳಿದ್ದು

ಇಲ್ಲಿಯವರೆಗಿನದು ಚಟುವಟಿಕೆ, ಕಣ್ಣಿಗೆ ಕಾಣುವಂಥದ್ದು. ಪ್ರಕರಣದ ದಿಕ್ಕು ಬದಲಾದದ್ದು 10:40ಕ್ಕೆ, ಬೆಡ್ ಪಕ್ಕದ ಸ್ಟೂಲಿನ ಮೇಲೆ.

ಏನಾಯಿತೆಂದು ಬಂದ ಡ್ಯೂಟಿ ಡಾಕ್ಟರ್ ಕೇಳಿದಾಗ ಸೊಸೆ, ಬೇರೇನೂ ಕೊಟ್ಟಿಲ್ಲ ಎಂದಿದ್ದರು. ಅವರು ಹೋದ ಮೇಲೆ ಇಂಜೆಕ್ಷನ್ ಕೊಟ್ಟ ವಿದ್ಯಾರ್ಥಿನಿ ಸೊಸೆಯ ಪಕ್ಕ ಕೂತಳು. ಆಕೆಯೂ ಆಗ ನಡುಗಿ ಹೋಗಿದ್ದಳು, ಆದರೂ ಕೂತಳು. "ಅಕ್ಕ, ನೀವೇನೂ ತಿಂದಿಲ್ಲ ಅಲ್ವಾ ಬೆಳಿಗ್ಗೆಯಿಂದ? ಅಮ್ಮ ಈಗ ಆರಾಮಾಗಿದ್ದಾರೆ. ಮನೇಲಿ ದಿನಾ ಬೆಳಿಗ್ಗೆ ಅವರಿಗೆ ಏನೇನು ಮಾಡ್ತಿದ್ರಿ, ಹೇಳಿ" ಎಂದಳು. ಸೊಸೆ ಮನೆಯ ದಿನಚರಿ ಹೇಳುತ್ತಾ ಹೋದಳು: ಆರಕ್ಕೆ ಏಳ್ತಾರೆ, ಮುಖ ತೊಳೀತಾರೆ, ಮಾತ್ರೆ ಕೊಡ್ತೀನಿ, ಕಾಫಿ ಕೊಡ್ತೀನಿ. "ಇಲ್ಲೂ ಮಾತ್ರೆ ಕೊಟ್ರಾ ಅಕ್ಕ?" ಸ್ವಲ್ಪ ಹೊತ್ತು ಸುಮ್ಮನಿದ್ದು, ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದಳು. ಒಳಗೆ ಗ್ಲಿಮೆಪಿರೈಡ್ 2 ಮಿಲಿಗ್ರಾಂ ಸ್ಟ್ರಿಪ್. ಮೂರು ದಿನದಿಂದ ಬೆಳಿಗ್ಗೆ ಒಂದೊಂದು ಕೊಟ್ಟಿದ್ದಳು, ಅಂದೂ ಒಂದು ಗುಟುಕು ನೀರಿನಲ್ಲಿ. ನಿಲ್ಲಿಸಿ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಬೈಯುತ್ತಾರೆಂದು ಡಾಕ್ಟರ್ ಮುಂದೆ ಬಾಯಿ ಬಿಟ್ಟಿರಲಿಲ್ಲ.

ಗ್ಲಿಮೆಪಿರೈಡ್ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಅದರ ಪ್ರಭಾವ ಒಂದು ದಿನವಿಡೀ ಇರಬಹುದು, ಮೂತ್ರಪಿಂಡ ಸೊರಗಿದವರಲ್ಲಿ ಇನ್ನೂ ಹೆಚ್ಚು. ಅಂದರೆ 92 ಬಂತೆಂದು ನೆಮ್ಮದಿಯಾಗುವಂತಿಲ್ಲ. ವಿದ್ಯಾರ್ಥಿನಿ ಸ್ಟ್ರಿಪ್ ಹಿಡಿದು ನೇರವಾಗಿ ಡ್ಯೂಟಿ ಡಾಕ್ಟರ್ ಹತ್ತಿರ ಹೋದಳು. 11:30ಕ್ಕೆ ನೋಡಿದಾಗ ಇಡ್ಲಿ ತಿಂದ ಮೇಲೂ ಸಕ್ಕರೆ 74ಕ್ಕೆ ಇಳಿದಿತ್ತು. 10% ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿ, ಮಧ್ಯಾಹ್ನದ ಇನ್ಸುಲಿನ್ ತಡೆದು, ಗಂಟೆಗೊಮ್ಮೆ ಜಿಆರ್‌ಬಿಎಸ್ ನೋಡಲು ಬರೆದರು. ರಾತ್ರಿಯೂ ನಿಗಾ ಮುಂದುವರಿಯಿತು. ಈ ಮಾಹಿತಿ ಸಿಗದೆ ಗಂಟೆಗೊಮ್ಮೆಯ ಪರೀಕ್ಷೆ ಮಧ್ಯಾಹ್ನಕ್ಕೇ ನಿಂತಿದ್ದರೆ, ಎರಡನೇ ಕುಸಿತ ರೋಗಿ ಮಲಗಿದ್ದಾಗ, ಎಲ್ಲರೂ ನಿದ್ದೆ ಎಂದುಕೊಳ್ಳುವ ಹೊತ್ತಿನಲ್ಲಿ ಆಗಬಹುದಿತ್ತು.

ಕರುಣೆ ಎನ್ನುವುದನ್ನು ನಾವು ತರಗತಿಯಲ್ಲಿ ಸ್ವಭಾವದ ಮಾತಾಗಿ ಹೇಳಿ ಮುಗಿಸುತ್ತೇವೆ. ಇಲ್ಲಿ ಅದು ಕೆಲಸದ ಒಂದು ಕ್ರಮವಾಗಿತ್ತು: ಎದುರಿಗೆ ನಿಲ್ಲದೆ ಪಕ್ಕದಲ್ಲಿ ಕೂತದ್ದು, ಮೊದಲು ಆಕೆಯ ಹಸಿವನ್ನು ಕೇಳಿದ್ದು, "ಯಾಕೆ ಕೊಟ್ರಿ" ಎನ್ನದೆ "ದಿನಾ ಏನು ಮಾಡ್ತಿದ್ರಿ" ಎಂದದ್ದು. ಈ ಮೂರನ್ನೂ ಕಲಿಸಬಹುದು, ಅಭ್ಯಾಸ ಮಾಡಿಸಬಹುದು, ಅಂಕವನ್ನೂ ಕೊಡಬಹುದು.

ಬರೆದಿಟ್ಟದ್ದು

11ರ ಹೊತ್ತಿಗೆ ತಂಡದವರೊಬ್ಬರು ವಿದ್ಯಾರ್ಥಿನಿಗೆ, "ತಿಂಡಿ ಬಗ್ಗೆ ಕೇಳಿದ್ದೆ ಅಂತ ನೋಟ್ಸ್‌ನಲ್ಲಿ ಒಂದು ಸಾಲು ಸೇರಿಸಿಬಿಡು" ಎಂದರು. ಸ್ನೇಹದಿಂದ ಕೊಟ್ಟ ಸಲಹೆಯೇ. ಆಕೆ ಸೇರಿಸಲಿಲ್ಲ. ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ, "ಮೇಡಂ, ತಿಂಡಿ ಬಂದಿದೆಯಾ ಅಂತ ನಾನು ಕೇಳಲಿಲ್ಲ" ಎಂದಳು. ನರ್ಸ್ ನೋಟ್ಸ್‌ನಲ್ಲಿ ನಡೆದ ಹೊತ್ತು, ಅಂಕಿ, ಕೊಟ್ಟದ್ದು, ಯಾರಿಗೆ ತಿಳಿಸಿದ್ದು ಎಂಬುದಷ್ಟೇ ಬಂತು. ಯಾರ ತಪ್ಪು ಎಂಬುದು ಅಲ್ಲಿ ಬರೆಯುವ ವಿಷಯವಲ್ಲ. ಇನ್‌ಚಾರ್ಜ್ ಸಿಸ್ಟರ್ ಘಟನೆಯ ವರದಿಯನ್ನು ಬೇರೆ ನಮೂನೆಯಲ್ಲಿ ತುಂಬಿದರು. ತಡವಾಗಿ ಬರೆದ ಸಾಲಿಗೆ "ತಡವಾದ ನಮೂದು" ಎಂದು ಬರೆದ ಸಮಯವನ್ನೂ ಹಾಕಬೇಕು. ತಪ್ಪಿ ಬರೆದದ್ದರ ಮೇಲೆ ಒಂದೇ ಗೆರೆ ಎಳೆದು ಸಹಿ ಮಾಡಬೇಕು, ವೈಟ್ನರ್ ಮುಟ್ಟಬಾರದು.

ಸತ್ಯ ಹೇಳಿದ್ದರ ಫಲ ಆ ದಿನವೇ ಕಂಡಿತು. ಆಹಾರ ಕೇಳಿರಲಿಲ್ಲ ಎಂದು ಗೊತ್ತಾದ್ದರಿಂದಲೇ ಹನ್ನೊಂದು, ಹತ್ತೊಂಬತ್ತನೇ ಬೆಡ್‌ಗಳನ್ನೂ ಆಗಲೇ ಹೋಗಿ ನೋಡಿದರು. ಹನ್ನೊಂದರವರು ತಿಂಡಿ ಮುಗಿಸಿದ್ದರು. ಹತ್ತೊಂಬತ್ತರವರು ವಾಂತಿ ಬರುವ ಹಾಗಿದೆ ಎಂದು ತಟ್ಟೆಯನ್ನು ಮಂಚದ ಕೆಳಗೆ ಇಟ್ಟಿದ್ದರು, ಸಕ್ಕರೆ 71.

ಇನ್‌ಸ್ಟ್ರಕ್ಟರ್ ಆಕೆಯೊಡನೆ ಮಾತಾಡಿದ್ದು ಪಾಳಿ ಮುಗಿದ ಮೇಲೆ, ಡೆಮೊ ರೂಮಿನಲ್ಲಿ, ಬಾಗಿಲು ಹಾಕಿ. ರೋಗಿಗಳ ಎದುರಿಗೆ ಬೈಸಿಕೊಂಡ ವಿದ್ಯಾರ್ಥಿ ಮುಂದಿನ ಬಾರಿ ಬಂದು ಹೇಳುವುದಿಲ್ಲ, ಇದನ್ನು ನಾವು ಖಂಡಿತವಾಗಿ ಹೇಳಬಲ್ಲೆವು. ಆಕೆಯ ಲಾಗ್‌ಬುಕ್‌ನಲ್ಲಿ ಇನ್ಸುಲಿನ್ ಪ್ರೊಸೀಜರ್‌ಗೆ ಅಂದು ಸಹಿ ಬೀಳಲಿಲ್ಲ. ಮತ್ತೆ ಮೂರು ಬಾರಿ, ಚಾರ್ಟ್ ಓದುವುದರಿಂದ ಹಿಡಿದು ರೋಗಿ ಅರ್ಧ ತಟ್ಟೆಯಾದರೂ ತಿಂದದ್ದನ್ನು ನೋಡುವವರೆಗೆ ಪೂರ್ತಿ ಮಾಡಿದ ಮೇಲೆ ಸಹಿ. ಪ್ರೊಸೀಜರ್ ಮುಗಿಯುವುದು ಸೂಜಿ ಡಬ್ಬಿಗೆ ಬಿದ್ದಾಗ ಎಂದುಕೊಂಡಿದ್ದರೆ ಅದನ್ನು ತಿದ್ದುವ ದಾರಿ ಇದೇ.

ವಾರ್ಡಿನಲ್ಲಿ ಬದಲಾದದ್ದು

ಮುಂದಿನ ವಾರದಿಂದ ಟ್ರಾಲಿ ವಾರ್ಡಿನ ಬಾಗಿಲಿಗೆ ಬರುವ ಅರ್ಧ ಗಂಟೆ ಮುಂಚೆ ಅಡುಗೆಮನೆಗೆ ಫೋನ್ ಮಾಡಿ, ಹೊರಡುವುದು ಖಾತ್ರಿಯಾದ ಮೇಲೆ ಇನ್ಸುಲಿನ್ ತೆಗೆಯುವುದು ಎಂದಾಯಿತು. ಎನ್‌ಪಿಒ ಬೋರ್ಡ್ ಹಾಕುವವರೇ ಡ್ರಗ್ ಚಾರ್ಟ್‌ನ ಇನ್ಸುಲಿನ್ ಸಾಲಿನ ಮೇಲೆ "ಡಾಕ್ಟರನ್ನು ಕೇಳಿ" ಎಂಬ ಚೀಟಿ ಅಂಟಿಸಬೇಕು. ಸಕ್ಕರೆ ಕಾಯಿಲೆಯವರ ಸ್ಕ್ಯಾನ್ ಪಟ್ಟಿಯಲ್ಲಿ ಮೊದಲಿಗೆ. ದಾಖಲಾಗುವಾಗ ಮನೆಯ ಮಾತ್ರೆಗಳ ಕವರನ್ನು ಬಿಚ್ಚಿ ನೋಡಿ, ನಿಲ್ಲಿಸಿದವನ್ನು ಬೇರೆ ಕಟ್ಟಿ, ಯಾವುದನ್ನು ಕೊಡಬಾರದೆಂದು ಜೊತೆಗಿರುವವರಿಗೆ ಅವರ ಭಾಷೆಯಲ್ಲಿ ಹೇಳಿ, ಅವರಿಂದ ತಿರುಗಿ ಹೇಳಿಸಬೇಕು. ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಐದೂ ಆ ವಾರ್ಡಿಗೆ ಬರುತ್ತವೆ. ಆರು ವಿದ್ಯಾರ್ಥಿಗಳಲ್ಲಿ ಯಾರಿಗೆ ಯಾವುದು ಬರುತ್ತದೆ ಎಂಬ ಪಟ್ಟಿಯನ್ನು ನರ್ಸಿಂಗ್ ಸ್ಟೇಶನ್‌ನಲ್ಲಿ ಅಂಟಿಸಿದರು. ಬಸ್ಸಿನ ವಿಷಯ ಕಾಲೇಜಿಗೆ ಹೋಯಿತು. ಬಸ್ಸು ತಡವಾದ ದಿನ ರಿಪೋರ್ಟ್ ಬುಕ್ ಓದದೆ ಯಾವ ವಿದ್ಯಾರ್ಥಿಯೂ ಔಷಧದ ಟ್ರೇ ಮುಟ್ಟುವಂತಿಲ್ಲ ಎಂಬುದು ಅಷ್ಟರೊಳಗೆ ಜಾರಿಯಾಗಿತ್ತು.

ತರಗತಿಯಲ್ಲಿ ಬಳಸುವವರಿಗೆ

ಪೂರ್ತಿ ಪ್ರಕರಣವನ್ನು ಒಮ್ಮೆಗೇ ಓದಲು ಕೊಡಬೇಡಿ. ಮೊದಲು 7:40ರವರೆಗೆ ಮಾತ್ರ ಓದಿಸಿ, ಇಂಜೆಕ್ಷನ್‌ಗೆ ಹತ್ತಕ್ಕೆ ಎಷ್ಟು ಅಂಕ ಎಂದು ಬರೆಸಿ, ಚೀಟಿಗಳನ್ನು ಮಡಚಿ ಇಟ್ಟುಕೊಳ್ಳಿ. ಆಮೇಲೆ 9:45ರ ಬೆವರಿನವರೆಗೆ ಓದಿಸಿ, ಒಬ್ಬೊಬ್ಬರಾಗಿ ಎದ್ದು ವಾರ್ಡಿಗೆ ಮಾಡುವ ಫೋನನ್ನು ಮಾತಿನಲ್ಲೇ ಮಾಡಲಿ. ಅರ್ಧ ನಿಮಿಷ ಮೀರಬಾರದು. ಸೊಸೆಯ ಭಾಗವನ್ನು ಇಬ್ಬಿಬ್ಬರು ಆಡಿ ತೋರಿಸಲಿ, ಸೊಸೆಯಾದವರಿಗೆ ಮಾತ್ರ ಮಾತ್ರೆಯ ಗುಟ್ಟು ಗೊತ್ತಿರಲಿ, ಗದರಿದರೆ ಹೇಳಬಾರದು ಎಂದು ಮೊದಲೇ ತಿಳಿಸಿ. ಕೊನೆಗೆ ಮುನ್ಸೂಚನೆ ಇಲ್ಲದೆ ಒಂದು ಸಂಗತಿ ಬದಲಿಸಿ: ಸ್ಕ್ಯಾನಿಂಗ್ ಹೊರಗೆ ರೋಗಿಗೆ ಎಚ್ಚರ ತಪ್ಪಿದೆ. ಮೇಜಿನ ಮೇಲೆ ಗ್ಲುಕೋಸ್ ನೀರಿನ ಲೋಟ ಹಾಗೇ ಇರಲಿ. ಎಷ್ಟು ಜನರ ಕೈ ಅದಕ್ಕೆ ಹೋಗುತ್ತದೆ ಎಂದು ಎಣಿಸಿ, ಮರುದಿನದ ಪಾಠವನ್ನು ಅಲ್ಲಿಂದ ಶುರು ಮಾಡಿ.